ಸೂಗಪ್ಪನ ಬಿಲ್ಲೆ

"ಇನ್ನೊಂಚೂರು ಬಿಗಿ ಎಳಿಯೋ, ವಾಲಾಕತ್ಯಾರ," ಎನ್ನುತ್ತ ನೀಲಗಂಗಮ್ಮ ಗಂಡನ ಹೆಣವನ್ನು ಕಂಬಕ್ಕೆ ಒತ್ತಿ ಹಿಡಿದಳು. ಮಗ ಅಣವೀರಪ್ಪ ಅಪ್ಪನ ಹೆಗಲ ಪಟ್ಟಾವನ್ನು ಹೆಣದ ಎದೆಯ ಸುತ್ತ ತಂದು ಕಂಬಕ್ಕೆ ಸೇರಿಸಿ ಬಿಗಿದ.

ಕೂರಿಸಿ ಮಣ್ಣು ಮಾಡುವ ಮನೆತನ. ಕುಣಿಗೆ ಇಳಿಯುವ ತನಕ ಹೆಣ ನೆಟ್ಟಗೆ ಕೂತಿರಬೇಕು. ಕಚೇರಿಯ ಪಟ್ಟಾದಿಂದಲೇ ಕಟ್ಟು ಎಂದವಳು ನೀಲಗಂಗಮ್ಮ. ಕಲಬುರಗಿಯಲ್ಲಿ ಸಾಹೇಬರ ಬಾಗಿಲಿಗೆ ನಿಂತೇ ಆಯುಷ್ಯ ಸವೆಸಿದ ಜವಾನ ಸೂಗಪ್ಪನಿಗೆ ನಿಜಾಮ ಸರ್ಕಾರ ಕೊಟ್ಟ ಮರ್ಯಾದೆ ಅದೊಂದೇ, ಹೆಗಲಿಗೆ ಅಡ್ಡ ಹಾಕುವ ಪಟ್ಟಾ, ಅದರ ಮೇಲೊಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ಇಲ್ಲದ ದಿನ ತನ್ನೂರು ಕಮಲಾಪುರದಲ್ಲೇ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಬಾಗಿಲಲ್ಲಿ ಟಾಂಗಾ ನಿಂತಿತು. ಇಳಿದವನು ಸಾಹೇಬರ ಕಾಗದಪತ್ರ ನೋಡುವ ಕಚೇರಿಯ ಪೇಶ್ಕಾರ ದತ್ತಪ್ಪ. ಹೆಣಕ್ಕೆ ಕೈಮುಗಿಯುವ ಮೊದಲೇ ಅವನ ಕಣ್ಣು ಬಿಲ್ಲೆಗೆ ಹೋಯಿತು.

"ಪಟ್ಟಾ ಬಿಚ್ಚಿ ಕೊಡ್ರಿ. ಸರ್ಕಾರದ್ದು."

"ಕುಣ್ಯಾಗ ಇಳಿಸೂತನಕರೆ ಇರಲಿರಿ," ನೀಲಗಂಗಮ್ಮ ಬೇಡಿಕೊಂಡಳು. "ಆಮ್ಯಾಲೆ ನಾನೇ ತಂದು ಒಪ್ಪಸ್ತೀನಿ."

"ಸಾಹೇಬ್ರ ಮುಕ್ಕಾಂ ಮಹಾಗಾಂವದಾಗ ಅದ. ಮಧ್ಯಾಹ್ನಕ್ಕ ಡೇರೆ ಮುಂದ ಬಿಲ್ಲೆ ಹಾಕ್ಕೊಂಡಾಂವ ಒಬ್ಬ ನಿಂತಿರಬೇಕು." ದತ್ತಪ್ಪ ಅಣವೀರಪ್ಪನ ಕಡೆ ತಿರುಗಿದ. "ನೌಕರಿ ನಿಂಗ ಕೊಡಸ್ತೀನಂತ ನಿಮ್ಮಪ್ಪಗ ಮಾತು ಕೊಟ್ಟೀನಿ. ಈಗ ಟಾಂಗಾ ಹತ್ತಿದ್ರ ನಿಂದು. ಇಲ್ಲಾಂದ್ರ ಬ್ಯಾರೆ ಮಂದಿ ಕಾಯಾಕತ್ತಾರ."

*

ಗಾಜಿಪುರದಲ್ಲಿ ಹಿಂದಿನ ಜವಾನ ದೌಲಪ್ಪ ಸತ್ತಾಗ ಸೂಗಪ್ಪನೂ ಹೀಗೇ ಹೋಗಿದ್ದ. ದೌಲಪ್ಪನ ಹೆಂಡತಿ ಕಾಲು ಹಿಡಿದರೂ ಬಿಡದೆ ಹೆಣದ ಮೈಮೇಲಿಂದ ಪಟ್ಟಾ ಬಿಚ್ಚಿಕೊಂಡು ಬಂದ. ಹುಣಸೆಹಣ್ಣು ಹಚ್ಚಿ ಬಿಲ್ಲೆ ತಿಕ್ಕಿದ. ಹಾಕಿಕೊಂಡು ಹೆಂಡತಿಯ ಮುಂದೆ ನಿಂತ.

"ಹೆಂಗ ಕಾಣ್ತೀನಿ?"

"ಥೇಟ್ ಸಾಹೇಬ್ರಂಗ," ನೀಲಗಂಗಮ್ಮ ನಕ್ಕಳು. "ಆಕಿ ಭಾಳ ಅತ್ತಳೇನು?"

"ಅಳ್ತಾಳ. ನಾಕು ದಿನಕ್ಕ ಸುಮ್ಮಾಗ್ತಾಳ."

ಆ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು.

*

"ಯಪ್ಪಾ, ಒಂದು ಹಿಡಿ ಮಣ್ಣರೆ ಹಾಕಿ ಹೋಗೋ," ನೀಲಗಂಗಮ್ಮ ಮಗನ ತೋಳು ಹಿಡಿದಳು.

ಅಣವೀರಪ್ಪ ಅವಳ ಮುಖ ನೋಡಲಿಲ್ಲ. ತೋಳು ಬಿಡಿಸಿಕೊಂಡು ಕಂಬದ ಹಿಂದೆ ಹೋಗಿ ಪಟ್ಟಾದ ಕೊಂಡಿ ಬಿಚ್ಚಿದ. ಸೂಗಪ್ಪ ಮುಂದಕ್ಕೆ ಕುಸಿದ. ನೀಲಗಂಗಮ್ಮ ಓಡಿ ಎದೆ ಕೊಟ್ಟು ತಡೆದಳು. ಕೈ ಬಿಟ್ಟರೆ ಬೀಳುತ್ತಾನೆ; ಹಿಡಿದು ಕೂರುವ ಕಸುವು ಅವಳಿಗಿಲ್ಲ.

"ಯಾರರೆ ಒಂದು ಅರಿವಿ ಕೊಡ್ರೇ, ಕಟ್ಟಾಕ!"

ಗಂಡನ ಹೆಗಲ ಮೇಲಿಂದ ಅವಳಿಗೆ ಟಾಂಗಾ ಕಾಣುತ್ತಿತ್ತು. ಪಟ್ಟಾ ಹಾಕಿಕೊಂಡು ನೆಟ್ಟಗೆ ಕೂತ ಅಣವೀರಪ್ಪ, ಬಿಲ್ಲೆಗೆ ಮೆತ್ತಿದ್ದ ಅಪ್ಪನ ವಿಭೂತಿಯನ್ನು ಉಗುಳು ಹಚ್ಚಿ ತಿಕ್ಕುತ್ತಿದ್ದ.