ಎರಡನೆಯ ಎಲೆ

“ಆ ಎಲೆ ಹಾಕಿದ್ದು ಯಾರು ಅಂತ ನನಗೆ ಬೇಕು ಪೂಜಿತಾ. ಉಳಿದದ್ದೆಲ್ಲ ನಾನು ನೋಡಿಕೊಳ್ತೇನೆ,” ಎಂದರು ವಕೀಲ ಯಶ್ವಂತ್, ಚಹಾದ ಗ್ಲಾಸನ್ನು ಅವಳ ಕಡೆ ತಳ್ಳುತ್ತ.

“ನೆನಪಿಲ್ಲ ಸರ್.”

“ಎಲೆ ನೆನಪುಂಟು, ಹಾಕಿದವರು ನೆನಪಿಲ್ಲವಾ?”

“ಐದು ವರ್ಷ ನನಗೆ ಆಗ.”

ನೌಪಾಡಾದ ಆ ಚಿಕ್ಕ ಆಫೀಸಿನಲ್ಲಿ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಗೊಣಗುತ್ತಿತ್ತು. ಯಶ್ವಂತ್ ಉಡುಪಿ ಕಡೆಯವರು, ಜನ ಒಳ್ಳೆಯವರೇ. ಆದರೆ ಹೈಕೋರ್ಟಿನಲ್ಲಿ ಅಪೀಲು ವಿಚಾರಣೆಗೆ ಬರುವ ಹೊತ್ತಾಗಿತ್ತು, ಅವರ ತಾಳ್ಮೆ ಮುಗಿಯುತ್ತ ಬಂದಿತ್ತು. “ಜಗಳದ ಸದ್ದು ಕೇಳಿದೆವು ಅಂದ ಅಕ್ಕಪಕ್ಕದವರನ್ನು ನಾನು ಅಲ್ಲಾಡಿಸ್ತೇನೆ. ಬಾವಿ ಇಡೀ ಚಾಳಿನ ವಠಾರಕ್ಕೆ ಸೇರಿದ್ದು, ಅದನ್ನೂ ಹೇಳ್ತೇನೆ. ನಿನ್ನ ಅಪ್ಪನನ್ನು ಕಟ್ಟಿ ಹಾಕಿದ್ದು ಆ ಎಲೆ ಮಾತ್ರ,” ಎಂದರು. ಆ ಎಲೆಯ ಮಾತನ್ನು ಕೋರ್ಟಿನಲ್ಲಿ ಹೇಳಿದವಳು ಎದುರಿಗೇ ಕೂತಿದ್ದಾಳೆ ಎಂಬುದನ್ನು ಮರೆತವರಂತೆ ಕಿಟಕಿಯ ಕಡೆ ತಿರುಗಿದರು.

ನಡೆದದ್ದು ಇಷ್ಟು. ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಪೂಜಿತಾಳ ತಾಯಿ ವಿನೋದಾ ಡೊಂಬಿವಲಿಯ ಚಾಳಿನ ಮನೆಯಿಂದ ಕಾಣೆಯಾದಳು. ಗಂಡ ಗುಣಪಾಲ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್. ಅವನೇ ಹೋಗಿ ಪೊಲೀಸರಿಗೆ ದೂರು ಕೊಟ್ಟ. ಓಡಿಹೋದಳು ಎಂದು ಜನ ಆಡಿಕೊಂಡರು. ಊರ ಬಾಯಿಗೆ ಮುಚ್ಚಳ ಉಂಟೇ? ಹನ್ನೊಂದು ವರ್ಷ ಕಳೆದು, ಬಿಲ್ಡಿಂಗ್ ಕಟ್ಟಲು ಚಾಳನ್ನು ಕೆಡವಿದಾಗ, ಹಿಂದಿನ ಹಾಳು ಬಾವಿಯಿಂದ ಮೂಳೆಗಳ ಜೊತೆ ಒಂದು ಕರಿಮಣಿ ಸರ ಬಂತು. ವಿನೋದಾಳದ್ದೇ. ಪೊಲೀಸರು ಹಳೆಯ ಫೈಲಿನ ಧೂಳು ಕೊಡವಿ ಗುಣಪಾಲನನ್ನು ಹಿಡಿದುಕೊಂಡು ಹೋದರು.

ಕಲ್ಯಾಣದ ಕೋರ್ಟಿನಲ್ಲಿ ಸಾಕ್ಷಿಗೆ ನಿಂತಾಗ ಪೂಜಿತಾಳಿಗೆ ಹದಿನೆಂಟು. ಸರಕಾರಿ ವಕೀಲರು ಮಗಳನ್ನು ಮಾತಾಡಿಸುವ ಹಾಗೆ ಮಾತಾಡಿಸಿ, ಅಮ್ಮ ಹೋದ ವರ್ಷ ನಿಮ್ಮ ಮನೆಯಲ್ಲಿ ಹಬ್ಬಗಿಬ್ಬ ಮಾಡಿದಿರಾ ಎಂದು ಕೇಳಿದರು. ಅಪ್ಪ ದೈವಭಕ್ತರು, ಹಿರಿಯರನ್ನು ಮರೆಯುವವರಲ್ಲ ಎಂದು ಹೇಳಿದರೆ ಜಡ್ಜ್ ಸಾಹೇಬರಿಗೆ ಒಳ್ಳೆಯ ಅಭಿಪ್ರಾಯ ಬರಬಹುದು ಎಂದುಕೊಂಡಳು ಹುಚ್ಚು ಹುಡುಗಿ. ದೀಪಾವಳಿಗೆ ತೀರಿಹೋದವರಿಗೆ ಬಾಳೆ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ ಎಂದಳು. ಆ ವರ್ಷ ಎರಡು ಎಲೆ ಇತ್ತು, ಒಂದು ಅಜ್ಜಿಗೆ, ಒಂದು ಅಮ್ಮನಿಗೆ ಎಂದೂ ಹೆಮ್ಮೆಯಿಂದಲೇ ಸೇರಿಸಿದಳು. ಸರಕಾರಿ ವಕೀಲರಿಗೆ ಬೇಕಾದದ್ದು ಸಿಕ್ಕಿತು. ಹೆಂಡತಿ ಇವತ್ತಲ್ಲ ನಾಳೆ ಬರುತ್ತಾಳೆ ಎಂದು ಪೊಲೀಸ್ ಸ್ಟೇಷನ್ನಿಗೆ ಎಡತಾಕುತ್ತಿದ್ದವನು, ಮೂರೇ ತಿಂಗಳಲ್ಲಿ ಅವಳಿಗೆ ಸತ್ತವರ ಎಲೆ ಹಾಕಿದ್ದು ಹೇಗೆ? ಬದುಕಿದ್ದವರ ಹೆಸರಿನಲ್ಲಿ ತಮಾಷೆಗೂ ಆ ಎಲೆ ಹಾಕುವವರಿಲ್ಲ. ಗುಣಪಾಲನಿಗೆ ಜೀವಾವಧಿ ಆಯಿತು.

ಅಂದಿನಿಂದ ಪೂಜಿತಾಳ ತಲೆ ಒಂದು ಕಡೆ ನಿಂತಿಲ್ಲ. ಬೆಳಿಗ್ಗೆ ಆಫೀಸಿಗೆ ಲೋಕಲ್ ಹತ್ತುವಾಗ ಪಪ್ಪ ನಿರಪರಾಧಿ. ಸಂಜೆ ಇಳಿಯುವಾಗ ಅವರೇ ಕೊಂದದ್ದು. ನಡುವೆ ಯಾವ ಸ್ಟೇಷನ್ನಿನಲ್ಲಿ ಬದಲಾಯಿತು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಠಾಕುರ್ಲಿಯ ಮನೆಯಲ್ಲಿ ಶ್ರೀಮತಿ ಅತ್ತೆ ಬಂಗುಡೆ ಮೀನು ಕೊಯ್ಯುತ್ತಿದ್ದರು. ಗುಣಪಾಲನ ಅಕ್ಕ. ಪೂಜಿತಾಳನ್ನು ಸಾಕಿದವರು ಅವರೇ. ವಕೀಲರ ಮಾತು ಕೇಳಿ ಕೈ ನಿಲ್ಲಿಸದೆ ಹೇಳಿದರು, “ನಾನು ಹಾಕಿದ್ದು ಅಂತ ಬರೀಲಿ.”

“ಅತ್ತೆ, ಆ ದೀಪಾವಳಿಗೆ ನೀವು ಊರಲ್ಲಿ ಇದ್ರಿ. ಕೋರ್ಟಲ್ಲಿ ನೀವೇ ಹೇಳಿದ್ದು.”

“ಆಗ ಊರಲ್ಲಿ ಇದ್ದೆ ಅಂದೆ, ಈಗ ಇಲ್ಲಿ ಇದ್ದೆ ಅಂತೇನೆ. ಎಂತ ಈಗ? ನಾಲಿಗೆಗೆ ಮೂಳೆ ಉಂಟಾ?”

“ಹಾಗೆಲ್ಲ ಚಲ್ತಾ ನಹೀ ಅತ್ತೆ.”

“ನನ್ನ ತಮ್ಮ ಒಳಗೆ ಕೊಳೀತಿದ್ದಾನೆ. ಅದು ಚಲ್ತಾ ಹೈ ಅಲ್ವಾ?” ಎಂದು ಮೀನಿನ ತಲೆಯನ್ನು ಬದಿಗೆ ಎಸೆದರು. ಅಳುವುದು ಕಾಣದಿರಲಿ ಎಂದು ಮೂಗನ್ನು ತೋಳಿಗೆ ಒರೆಸಿಕೊಂಡರು.

ಅದೇ ಸಂಜೆ ಉಲ್ಹಾಸನಗರದಿಂದ ಲತೀಶ್ ಮಾವನ ಫೋನು ಬಂತು. ವಿನೋದಾಳ ತಮ್ಮ. “ಅವನೇ ಹಾಕಿದ್ದು, ಇನ್ಯಾರು ಹಾಕ್ತಾರೆ? ನೀನು ನಮ್ಮ ಮನೆಯ ಹೆಣ್ಣು ಪೂಜಿತಾ, ನಿನ್ನ ತಾಯಿಯ ಬಳಿ, ತಾಯಿಯ ಕುಲವೇ ನಿನ್ನದು. ತಾಯಿಗೆ ಎರಡು ಬಗೆಯಬೇಡ,” ಎಂದರು. ಅವರ ಸ್ವರವೂ ಒಡೆದಿತ್ತು. ಅತ್ತ ದರಿ, ಇತ್ತ ಪುಲಿ. ನೆನಪಿನಲ್ಲಿ ಕಾಣದ ಕೈಯೊಂದು ಎಲೆಯನ್ನು ಹಾಸುತ್ತದೆ, ಅದು ಯಾರ ಕೈ ಎಂದು ನೋಡಲು ಹೋದರೆ ಏನೂ ಇಲ್ಲ. ತನ್ನ ತಲೆಯ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಶನಿವಾರ ತಳೋಜಾ ಜೈಲಿಗೆ ಹೋದಳು. ಮುಲಾಕಾತ್ ಕೋಣೆಯಲ್ಲಿ ಗಾಜಿನ ಆಚೆ ಗುಣಪಾಲ ಬಂದು ಕೂತ. ಕೂದಲು ಪೂರ್ತಿ ನೆರೆತಿತ್ತು. ಇಬ್ಬರೂ ರಿಸೀವರ್ ಎತ್ತಿಕೊಂಡರು.

“ಅಕ್ಕನ ಮಂಡಿನೋವು ಹೇಗುಂಟು?”

“ಹಾಗೇ ಉಂಟು. ಪಪ್ಪಾ, ಆ ದೀಪಾವಳಿಗೆ ಅಮ್ಮನ ಎಲೆ ಯಾರು ಹಾಕಿದ್ದು?”

ಗುಣಪಾಲ ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದ. “ವಕೀಲರು ಕೇಳಿದ್ದಾ?”

“ನಾನು ಕೇಳ್ತಿದ್ದೇನೆ.”

“ನೀನೇ ಹಾಕಿದ್ದು ಮಗಾ.”

ಪೂಜಿತಾ ಗಾಜಿಗೆ ಇನ್ನಷ್ಟು ಹತ್ತಿರ ಬಂದಳು.

“ಅಜ್ಜಿಗೆ ಯಾಕೆ ಎಲೆ ಅಂತ ಕೇಳಿದಿ. ಸಣ್ಣ ಮಗು, ಸತ್ತವರಿಗೆ ಅಂತ ಹೇಗೆ ಹೇಳುವುದು? ಅಜ್ಜಿ ಮನೇಲಿ ಇಲ್ಲ ಅಲ್ವಾ, ಅದಕ್ಕೆ ಅಂದೆ. ನೀನು ಓಡಿ ಹೋಗಿ ಇನ್ನೊಂದು ಎಲೆ ತಂದು ಪಕ್ಕಕ್ಕೆ ಹಾಸಿದಿ. ಅಮ್ಮನೂ ಮನೇಲಿ ಇಲ್ಲ ಅಲ್ವಾ ಪಪ್ಪಾ ಅಂದಿ.”

“ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?”

“ನನ್ನ ಎಲೆಯಿಂದ ಅಪ್ಪ ಜೈಲಿಗೆ ಹೋದ ಅಂತ ನೀನು ಜೀವಮಾನ ಹೊತ್ತುಕೊಂಡು ತಿರುಗಬೇಕಾ?”

ಅವಳಿಗೆ ಅಳು ತಡೆಯಲಿಲ್ಲ. ಎಷ್ಟೋ ವರ್ಷದ ನಂತರ ಎದೆ ಹಗುರಾಯಿತು. ಪಪ್ಪ ಕೊಂದಿಲ್ಲ, ಕೊಂದಿಲ್ಲ ಎಂದು ಮನಸ್ಸು ಕುಣಿಯಿತು. ದುಪಟ್ಟಾದಿಂದ ಕಣ್ಣು ಒರೆಸಿಕೊಂಡು ನಗಲು ನೋಡಿದಳು. ನಗುವ ಮೊದಲೇ ಇನ್ನೊಂದು ಪ್ರಶ್ನೆ ಬಾಯಿಗೆ ಬಂದುಬಿಟ್ಟಿತು. ಬರಬಾರದಿತ್ತು.

“ಆಗ ನೀವು ತೆಗೀಬೇಕಿತ್ತಲ್ಲಾ ಪಪ್ಪಾ?”

“ಎಂತ?”

“ಎಲೆ. ಬದುಕಿದ್ದವರಿಗೆ ಹಾಕ್ಬಾರದಲ್ಲ. ಅಮ್ಮ ಬರ್ತಾಳೆ ಅಂತ ನಿಮಗೆ ಇದ್ದಿದ್ರೆ ನನ್ನ ಕೈಯಿಂದ ಕಿತ್ತುಕೊಳ್ತಿದ್ರಿ. ಬಯ್ತಿದ್ರಿ.”

ಗುಣಪಾಲ ಅವಳನ್ನೇ ನೋಡಿದ. “ನೀನು ಅಷ್ಟು ಆಸೆಯಿಂದ ಹಾಕಿದ್ದಿ,” ಎಂದ.

“ಮತ್ತೆ?”

“ಮತ್ತೆ ಎಂತ? ಬಡಿಸಿದೆ.”

ಲೈನು ಕಟ್ಟಾಯಿತು. ಹೊತ್ತು ಮುಗಿದಿತ್ತು. ಗಾಜಿನ ಆಚೆ ಅವನ ತುಟಿಗಳು ಇನ್ನೂ ಅಲ್ಲಾಡುತ್ತಿದ್ದವು. ಜಾಗ್ರತೆ ಹೋಗು ಎನ್ನುತ್ತಿದ್ದನೋ, ಬೇರೆ ಏನೋ. ಕಾವಲಿನವನು ಭುಜ ಮುಟ್ಟಿದ ಕೂಡಲೇ ಅವನು ಎದ್ದ.

ಹೊರಗೆ ಬಂದು ಮೊಬೈಲ್ ಆನ್ ಮಾಡಿದರೆ ಯಶ್ವಂತರ ಕರೆ ಕಾಯುತ್ತಿತ್ತು ಎನ್ನಬೇಕು, ತಕ್ಷಣ ರಿಂಗಾಯಿತು.

“ಎಂತ ಹೇಳಿದ್ರು?”

“ಎಲೆ ಹಾಕಿದ್ದು ನಾನು ಸರ್.”

“ನೀನಾ? ಐದು ವರ್ಷದ ಮಗು! ಭಾರೀ ಒಳ್ಳೆಯದಾಯ್ತು ಮಾರಾಯ್ತಿ, ಇಷ್ಟು ಸಾಕು ನನಗೆ. ಸೋಮವಾರ ಬಂದು ಅಫಿಡವಿಟ್ಟಿಗೆ ಸಹಿ ಹಾಕು.”

“ಬಡಿಸಿದ್ದು ಪಪ್ಪ.”

 ಯಶ್ವಂತ್ ಮೆಲ್ಲಗೆ, ತನ್ನ ಮಗಳಿಗೆ ಹೇಳುವ ಹಾಗೆ ಹೇಳಿದರು, “ಅದನ್ನು ಯಾರೂ ಕೇಳುವುದಿಲ್ಲ ಪೂಜಿತಾ.”

“ನಾನು ಕೇಳಿಬಿಟ್ಟೆನಲ್ಲ ಸರ್.”

ರಸ್ತೆಯ ಆಚೆ ಶೇರ್ ರಿಕ್ಷಾದವನು “ಖಾರ್ಘರ್, ಖಾರ್ಘರ್” ಎಂದು ಕೂಗುತ್ತಿದ್ದ. ಇನ್ನು ಒಬ್ಬರಿಗೆ ಜಾಗವಿತ್ತು. “ಆತೀ ಕ್ಯಾ?” ಎಂದು ಅವಳತ್ತ ಕೈ ಬೀಸಿದ. ಪೂಜಿತಾ ಮೊಬೈಲನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಹಿಂದಿನಿಂದ ಯಾರೋ ಅವಸರದಲ್ಲಿ ಬಂದು ಹತ್ತಿದರು, ರಿಕ್ಷಾ ಹೊರಟಿತು.