ಕಿವಿಗೆ ಹಿಡಿದ ಕಾಯಿ

ಚುಕ್ಕಿಗಳು ಮತ್ತೆ ಸುತ್ತತೊಡಗಿವೆ, ಕಪ್ಪು ಪರದೆಯ ನಡುವೆ ಬಿಳಿ ಚುಕ್ಕಿಗಳು, ಕಣದಲ್ಲಿ ಕಟ್ಟಿದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು, ಕೆಳಗೆ ದುರಸ್ತಿಗೆ ಸಿದ್ಧವಾಗುತ್ತಿದೆ ಎಂಬ ಇಂಗ್ಲಿಷ್ ಸಾಲು, ಇನ್ನು ಸ್ವಲ್ಪ ಹೊತ್ತಿಗೆ ಪರದೆ ನೀಲಿಯಾಗುತ್ತದೆ, ದುರಸ್ತಿ ಆಗಲಿಲ್ಲ ಅನ್ನುತ್ತದೆ, ರೀಸ್ಟಾರ್ಟ್ ಒತ್ತು ಅನ್ನುತ್ತದೆ, ಒತ್ತಿದರೆ ಮತ್ತೆ ಕಪ್ಪು, ಮತ್ತೆ ಚುಕ್ಕಿ — ಬೆಳಿಗ್ಗೆ ಏಳರಿಂದ ಇದೇ, ಈಗ ಹತ್ತೂಕಾಲು, ಹನ್ನೊಂದೂವರೆಗೆ ಮಗುವಿಗೆ ಹೆಸರಿಡಬೇಕು, ಹೊರಗೆ ನಡುಮನೆಯಲ್ಲಿ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದಾರೆ, ಒಬ್ಬಟ್ಟಿನ ಮೇಲೆ ಬಿದ್ದ ತುಪ್ಪದ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತಿದೆ, ನಾನು ಚಿಲಕ ಹಾಕಿಕೊಂಡು ಕೂತಿದ್ದೇನೆ, ಮೇಜಿನ ಕೆಳಗಿನ ಈ ಕಂಪ್ಯೂಟರಿನ ಕಪ್ಪು ಡಬ್ಬದೊಳಗೆ ಅಪ್ಪನ ದನಿ ಇದೆ, ಬೇರೆಲ್ಲೂ ಇಲ್ಲ, ಅಪ್ಪನ ಗಂಟಲಲ್ಲೂ ಇಲ್ಲ. ಟಕ್. ಮತ್ತೆ ಆ ಸದ್ದು, ಒಳಗಿಂದ, ಹಲ್ಲಿ ಲೊಚಗುಟ್ಟಿದ ಹಾಗೆ, ಬೆಳಿಗ್ಗೆ ಏಳಕ್ಕೆ ಇರಲಿಲ್ಲ ಈ ಸದ್ದು, ಅಪ್ಪ ಎತ್ತಿ ಅಲ್ಲಾಡಿಸಿದ ಮೇಲೆ ಬಂದದ್ದು, ನಯನಾ ಏನ್ ಮಾಡ್ತಿದ್ದೀಯೇ ಒಳಗೆ, ಸೀರೆ ಉಟ್ಕೊಂಡ್ಯಾ, ಅವ್ವ ಕೂಗುತ್ತಿದ್ದಾಳೆ, ಹ್ಞೂಂ ಅಂದೆ, ಉಟ್ಟಿಲ್ಲ, ಸೀರೆ ಮಂಚದ ಮೇಲೆ ಮಡಿಕೆ ಬಿಚ್ಚದೆ ಬಿದ್ದಿದೆ, ಸೋದರತ್ತೆ ನಾನು, ತೊಟ್ಟಿಲ ಮುಂದೆ ನಿಲ್ಲಬೇಕಾದವಳು, ಬೆವರಿದ ಅಂಗೈಯನ್ನು ಚೂಡಿದಾರಕ್ಕೆ ಒರೆಸಿಕೊಳ್ಳುತ್ತ ಚುಕ್ಕಿ ಎಣಿಸುತ್ತಿದ್ದೇನೆ.

ಮೂರು ಕಡೆ ಇಟ್ಟಿದ್ದೀನಿ ಕಣಪ್ಪ, ಹೆದ್ರಬ್ಯಾಡ — ಎಷ್ಟು ಸಲೀಸಾಗಿ ಹೇಳಿದ್ದೆ, ಆಪರೇಷನ್ನಿನ ಹಿಂದಿನ ದಿನ, ಅಪ್ಪ ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೇಳಿದ್ದ, ಕಳ್ದೋಗಲ್ವೇನೇ ಅದು, ಅಂತ, ಇಲ್ಲಪ್ಪ ಮೂರು ಕಡೆ. ಒಂದೇ ಕಡೆ. ಫೋನಿನಿಂದ ಇದಕ್ಕೆ ಹಾಕಿದೆ, ಆಮೇಲೆ ಆ ಫೋನು ದನದ ನೀರಿನ ತೊಟ್ಟಿಗೆ ಬಿತ್ತು, ಪೆನ್‌ಡ್ರೈವಿಗೆ ನಾಳೆ ಹಾಕೋಣ, ನಾಡಿದ್ದು ಹಾಕೋಣ, ಹತ್ತು ತಿಂಗಳು. ಗಂಟಲ ಪೆಟ್ಟಿಗೆಯನ್ನೇ ತೆಗೀಬೇಕು ಎಂದು ಡಾಕ್ಟರು ಕತ್ತಿನ ಚಿತ್ರ ಬರೆದು ತೋರಿಸಿದಾಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಮಾತು ಹಿಡಿದಿಟ್ಕೊಳ್ಳಿ, ಆಮೇಲೆ ಬೇಕು ಅನ್ಸುತ್ತೆ ಅಂದಿದ್ದರು, ನಮ್ಮೂರು ಬಿಳಿಗೆರೆಗೆ ವಾಪಸು ಬಂದು ಮೂರು ದಿನ ಫೋನಿನಲ್ಲಿ ಹಿಡಿದೆ, ಅದೇ ವಾರ ಅಟ್ಟಕ್ಕೆ ಹೊಸ ಕಾಯಿ ಏರಿಸುತ್ತಿದ್ದರು, ಸಿಪ್ಪೆ ಸುಲಿಯದ ಕಾಯಿ, ಒಂದು ವರ್ಷ ಯಾರೂ ಮುಟ್ಟದೆ ಹೊಗೆ ಕುಡಿದು ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗಬೇಕು, ಅಟ್ಟದ ಕೆಳಗೆ ಅಪ್ಪ ಕೂತು ಏನ್ ಮಾತಾಡ್ಲೇ ಇದ್ರ ಮುಂದೆ, ನಾಚ್ಕೆ ಆಯ್ತದೆ ಅಂದ, ಅಪ್ಪನಿಗೆ ನಾಚಿಕೆ! — ಆಮೇಲೆ ಹಸುವನ್ನು ಕರೆದ, ಬಾ ಕೆಂಚೀ ಬಾ ಬಾ, ಅವ್ವನನ್ನು ಕರೆದ, ಲೇ ನಿಂಗೀ ನೀರ್ ಕಾದ್ವೇನೇ, ನನ್ನನ್ನೂ, ಏನೇ ಮೂಗಿ ಹಂಗೆ ಕೂತಿದ್ದೀಯ ಬಾಯ್ ಬುಟ್ಟು ಮಾತಾಡೇ, ಕೊನೆಗೆ ಆಚೆ ಈಚೆ ನೋಡಿ, ದನಿ ತಗ್ಗಿಸಿ, ಸುನಿತಾ ಅತ್ತಿಗೆಗೆ ಆಗ ಎರಡು ತಿಂಗಳು, ಗಂಡಾದ್ರೆ ಇದು, ಹೆಣ್ಣಾದ್ರೆ ಇದು, ಎರಡೂ ಹೆಸರನ್ನು ಮೂರು ಮೂರು ಸಲ ಹೇಳಿದ, ಯಾರ್ಗೂ ಹೇಳ್ಬ್ಯಾಡ, ತೊಟ್ಲು ಮುಂದೆ ನಾನೇ ಕೂಗ್ಬೇಕು, ನಂದೇ ಬಾಯಲ್ಲಿ. ಹೆಣ್ಣಾಯಿತು. ಹೆಸರು ಏನು ಮಾವ, ಬರ್ದಾದ್ರೂ ತೋರ್ಸಿ ಎಂದು ಅತ್ತಿಗೆ ಬಾಣಂತನ ಮುಗಿಸಿ ಮೊನ್ನೆ ಬಂದವಳೇ ಕೇಳಿದಾಗ ಅಪ್ಪ ತಲೆಯಾಡಿಸಿ ಈ ಕೋಣೆಯ ಕಡೆ ಬೆರಳು ತೋರಿಸಿದ, ಅಲ್ಲಿದೆ, ಅಲ್ಲೇ ಇದೆ, ಕತ್ತಿನ ಬಿಳಿ ಬಟ್ಟೆಯ ಕೆಳಗಿನ ತೂತಿನಿಂದ ಉಸಿರು ಸುಯ್ ಅಂತು, ಅದು ಈಗ ಅಪ್ಪನ ನಗು. ಟಕ್. ಟಕ್.

ಆಫ್ ಮಾಡು ಅಂದನಲ್ಲ ಈರೇಶ್ ಬಾವ, ಒಂಬತ್ತೂವರೆಗೆ ಫೋನಿನಲ್ಲಿ, ಅಪ್ಪನ ತಂಗಿ ಹೊಂಬಾಳತ್ತೆಯ ಮಗ, ತಿಪಟೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು, ಏನಾಯ್ತೇ ಹೇಳು, ಬೇಗ ಹೇಳು — ನಿನ್ನೆ ಸಂಜೆ ಅಪ್‌ಡೇಟ್ ಆಗುವಾಗ ಕರೆಂಟ್ ಹೋಯಿತು, ಬೆಳಿಗ್ಗೆಯಿಂದ ಇದೇ ಸುತ್ತು — ಅಷ್ಟೇನಾ, ಅದು ಸುಲಭ, ಸದ್ದೇನಾದ್ರೂ ಬರ್ತೈತಾ — ಟಕ್ ಅಂತಿದೆ — ಆಗ ಅವನ ನಗು ನಿಂತಿತು, ಈಗ್ಲೇ ಆಫ್ ಮಾಡು ನಯನಾ, ಹಾರ್ಡ್ ಡಿಸ್ಕ್ ಒಳಗೆ ಗೀಚ್ತಾ ಐತೆ, ಒಂದೊಂದ್ ಸಲ ಆನ್ ಮಾಡ್ದಾಗ್ಲೂ ಒಳಗಿರೋದು ಒಂದಿಷ್ಟು ಕೆರ್ದು ಹೋಗ್ತದೆ, ಮುಟ್ಬೇಡ, ಬತ್ತೀನಿ, ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಹಾಕಿ ಇರೋದೆಲ್ಲಾ ಎತ್ಕೊಡ್ತೀನಿ, ಎಲ್ಲಾನಾ ಅಂದೆ, ಪಾಸ್‌ವರ್ಡ್ ಇದೆಯಲ್ಲ ಅಂದೆ, ಪಾಸ್‌ವರ್ಡು ಬಾಗ್ಲಿಗೆ ಕಣೇ, ನಾನು ಗೋಡೇನೇ ತೆಗೀತೀನಿ. ಆಯ್ತು ಅಂದೆ. ಆಫ್ ಮಾಡಲಿಲ್ಲ. ಆಮೇಲೆ ಮೂರು ಸಲ ರೀಸ್ಟಾರ್ಟ್ ಒತ್ತಿದ್ದೇನೆ, ಮೂರು ಸಲ, ಅವನು ಬರುವುದರೊಳಗೆ ಒಂದೇ ಒಂದು ಸಲ ತೆರೆದುಕೊಂಡರೆ ಸಾಕು, ಅಪ್ಪನ ಕಡತವನ್ನು ಈಚೆ ಎಳೆದು ಆ ಒಂದು ಪುಟವನ್ನು ಅಳಿಸಿಬಿಡುತ್ತೇನೆ, ಒಂದೇ ಪುಟ — ಒಂದೊಂದು ಸಲ ಒತ್ತಿದಾಗಲೂ ಏನು ಕೆರೆದುಹೋಗಿರಬಹುದು, ಕೆಂಚೀ ಬಾ ಬಾ ಹೋಯಿತೋ, ನಿಂಗೀ ಅನ್ನುವುದು ಹೋಯಿತೋ, ನನ್ನ ಪುಟ ಮಾತ್ರ ಹೋಗದೆ ಗಟ್ಟಿಯಾಗಿ ಕೂತಿದೆಯೋ. ದಿನಚರಿ ಅಂತ ಹೆಸರಿಟ್ಟ ಫೋಲ್ಡರ್, ದಿನಕ್ಕೊಂದು ಕಡತ, ಅಪ್ಪನ ದನಿಯನ್ನೂ ಅದರಲ್ಲೇ ಆಯಾ ದಿನದ ಕೆಳಗೆ ಇಟ್ಟೆ, ಬೇರೆ ಎಲ್ಲಿಡಲಿ ಅನ್ನಿಸಿತ್ತು, ಪೆನ್‌ಡ್ರೈವಿಗೆ ಹಾಕಿದರೆ ಯಾರಾದರೂ ನೋಡಿಯಾರು ಎಂದು ಹಾಕಲಿಲ್ಲ, ಇದಕ್ಕೇ, ಬರೀ ಇದಕ್ಕೇ.

ಈರೇಶ್ ಬಾವ ಓದುತ್ತಾನೆ, ಓದದೆ ಬಿಡುವವನೇ ಅಲ್ಲ, ಮೂರು ವರ್ಷದ ಕೆಳಗೆ ಅವನ ತಂಗಿಯ ಮದುವೆ ಮನೆಯಲ್ಲಿ ನನ್ನ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಕುರ್ಚಿ ಹತ್ತಿ ನಿಂತು, ಕೇಳ್ರಪ್ಪೋ ಕೇಳ್ರಿ ನಮ್ ಮೂಗಿ ಏನೋ ಬರ್ದವ್ಳೆ, ಗರಿ ಸಂದೀಲಿ ಚಂದ್ರ ಹರಿದು ಹರಿದು ಬೀಳ್ತಾ ಐತಂತೆ, ಲೋ ಯಾರಾದ್ರೂ ಹೋಗಿ ಆಯ್ಕೊಂಡ್ ಬನ್ರೋ — ಚಪ್ಪರವೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅಪ್ಪ ನಕ್ಕ, ಆ ನಗು ಇನ್ನೂ ಕಿವಿಯಲ್ಲಿದೆ, ಆವತ್ತಿನಿಂದ ಕಾಗದದ ಮೇಲೆ ಬರೆಯುವುದು ಬಿಟ್ಟೆ, ಇದರೊಳಗೆ ಬರೆದೆ, ಬೀಗ ಹಾಕಿ ಬರೆದೆ. ಆ ಪುಟ — ಕಾಯಿ ಸುಲಿಯುವ ಆಳುಗಳ ಮುಂದೆ ಅಪ್ಪ ಅಂದ ದಿನ, ಇವ್ಳನ್ನ ಓದ್ಸಿದ್ದು ದಂಡ ಕಣ್ರಯ್ಯ, ಹಸೂಗಾದ್ರೂ ಅಂಬಾ ಅನ್ನಾಕೆ ಬತ್ತದೆ — ಅವರೆಲ್ಲ ಮುಸಿಮುಸಿ ನಕ್ಕರು, ನಾನು ಒಳಗೆ ಬಂದು ಇದೇ ಕುರ್ಚಿಯಲ್ಲಿ ಕೂತು ಬರೆದೆ, ದೇವರೇ ಈ ಬಾಯಿ ಒಂದು ದಿನ ನಿಲ್ಲಬಾರದೇ, ನಿಂತರೆ ಮನೆ ಎಷ್ಟು ತಣ್ಣಗಿರುತ್ತದೆ. ತಾರೀಖು ಸಮೇತ ಇದೆ. ಎರಡು ತಿಂಗಳಿಗೆ ದನಿ ಗೊಗ್ಗರಾಯಿತು, ಶೀತ ಅಂದರು, ಕಷಾಯ ಕುಡಿಸಿದೆವು. ಬರೆದದ್ದರಿಂದ ಯಾರಿಗೂ ಏನೂ ಆಗುವುದಿಲ್ಲ, ಬಿ.ಎಸ್ಸಿ. ಓದಿದ್ದೇನೆ, ಗೊತ್ತು, ಎಲೆಯಡಿಕೆ ಹೊಗೆಸೊಪ್ಪಿನಿಂದ ಆದದ್ದು ಅಂತ ಡಾಕ್ಟರು ಹೇಳಿದ್ದೂ ಗೊತ್ತು, ಆದರೂ ಕತ್ತಿನ ಬಟ್ಟೆ ಬದಲಿಸುವಾಗೆಲ್ಲ ಆ ಸಾಲು ಕಣ್ಣ ಮುಂದೆ ಬರುತ್ತದೆ, ಆಗಲೇ ಅಳಿಸಬಹುದಿತ್ತು, ಬರೆದದ್ದನ್ನು ಅಳಿಸಬಾರದು ಅಂತ ನನ್ನದೊಂದು ನೇಮ, ಹಾಳು ನೇಮ. ನೀಲಿಯಾಯಿತು. ಪರದೆ ನೀಲಿಯಾಯಿತು.

ಈ ಸಲ ರೀಸ್ಟಾರ್ಟ್ ಬೇಡ, ಇನ್ನೊಂದು ದಾರಿ ಇದೆಯಲ್ಲ, ಕೆಳಗಿನದು, ಒತ್ತಿದೆ, ಮತ್ತೊಂದು ಪುಟ, ಟ್ರಬಲ್‌ಶೂಟ್, ಒತ್ತಿದೆ, ರೀಸೆಟ್, ಅದರಲ್ಲಿ ಎರಡು, ನನ್ನ ಕಡತಗಳನ್ನು ಉಳಿಸಿಕೊ ಅಂತ ಒಂದು, ಎಲ್ಲವನ್ನೂ ತೆಗೆದುಹಾಕು ಅಂತ ಇನ್ನೊಂದು — ಎಲ್ಲವನ್ನೂ. ಮೌಸಿನ ಬಾಣ ಅಲ್ಲೇ ನಿಂತಿದೆ, ನಾನು ತಂದೆನೋ ತಾನೇ ಬಂತೋ, ಒಂದು ಸಲ ಒತ್ತಿದರೆ ಆ ಪುಟ ಇರುವುದಿಲ್ಲ, ಬಾವ ಬಂದು ನೋಡಿದರೆ ಖಾಲಿ ಗೋಡೆ, ಏನೂ ಉಳ್ದಿಲ್ಲ ಮಾವ ಡಿಸ್ಕ್ ಹೋಗೈತೆ ಅನ್ನುತ್ತಾನೆ, ಎಲ್ಲರೂ ನಂಬುತ್ತಾರೆ, ಹೆಸರು ನನಗೆ ಗೊತ್ತೇ ಇದೆ, ಮಗುವಿನ ಕಿವಿಯಲ್ಲಿ ಹೇಳಬೇಕಾದವಳೂ ನಾನೇ, ಹೇಳಿದರಾಯಿತು, ಹೇಗೆ ಹೋಯಿತು ಅಂತ ಕೇಳಿದರೆ — ಕೇಳಿದರೆ ಏನು, ಅಪ್ಪ ಅಲ್ಲಾಡಿಸಿದ್ದನ್ನು ಅವ್ವನೂ ನೋಡಿದ್ದಾಳೆ. ಬೆಳಿಗ್ಗೆ ಎಂಟಕ್ಕೆ, ಕ್ಷೌರ ಮಾಡಿಸಿಕೊಂಡು ಹೊಸ ಪಂಚೆ ಉಟ್ಟು ಒಳಗೆ ಬಂದ, ಯಾಕೆ ಮಾತಾಡುತ್ತಿಲ್ಲ ಇದು ಅಂತ ಹುಬ್ಬಿನಲ್ಲೇ ಕೇಳಿದ, ನಾನು ಬೇಡ ಅನ್ನುವುದರೊಳಗೆ ಬಗ್ಗಿ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಬಿಟ್ಟ, ವೈರುಗಳು ಜೋತಾಡುತ್ತಿದ್ದವು, ಒಳಗೆ ಇನ್ನೂ ಓಡುತ್ತಲೇ ಇತ್ತು, ಕಿವಿಗೆ ಹಿಡಿದು ಅಲ್ಲಾಡಿಸಿದ, ಒಂದು, ಎರಡು, ಮೂರು, ಅಟ್ಟದ ಕಾಯಿಯನ್ನು ನಲವತ್ತು ವರ್ಷ ಹೇಗೆ ನೋಡಿದ್ದಾನೋ ಹಾಗೆ, ಒಳಗಿನ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಕೊಬ್ಬರಿ ಸಿದ್ಧ, ಅನ್ನದಿದ್ದರೆ ಇನ್ನೂ ನೀರಿದೆ, ಕಾಯಬೇಕು — ಎಲ್ಲೋ ಒಂದು ಸ್ಕ್ರೂ ಸಡಿಲವಾಗಿತ್ತೋ ಏನೋ, ಲೊಡ ಅಂತು, ಅಪ್ಪನ ಮುಖ ಅರಳಿತು, ನನ್ನ ಕಡೆ ತಿರುಗಿ ತಲೆ ಆಡಿಸಿದ, ಇದೆ, ಸಿದ್ಧವಾಗಿದೆ, ಒಳಗೇ ಇದೆ ಅಂತ. ಅದಾದ ಮೇಲೆ ಟಕ್ ಶುರುವಾದದ್ದು. ತಪ್ಪನ್ನು ಆ ಅರಳಿದ ಮುಖಕ್ಕೆ ಕಟ್ಟಿಬಿಡುವುದೇ. ಇನ್ನು ಸಾಯುವವರೆಗೆ ಅಪ್ಪ ತನ್ನ ಎರಡು ಕೈ ನೋಡಿಕೊಳ್ಳುತ್ತಾನೆ, ನಾನೇ ಅಲ್ಲಾಡಿಸಿ ಕೆಡಿಸಿಕೊಂಡೆ ಅಂತ ಹೇಳಿಕೊಳ್ಳಲೂ ಬಾಯಿಲ್ಲದೆ, ಮೂರು ಕಡೆ ಇಟ್ಟಿದ್ದೀನಿ ಅಂದವಳು ಪಕ್ಕದಲ್ಲೇ ಕೂತು ಬಟ್ಟೆ ಬದಲಿಸುತ್ತಿರುತ್ತೇನೆ.

ಟೊಕ್ ಟೊಕ್. ಇದು ಒಳಗಿನ ಸದ್ದಲ್ಲ, ಹೊರಗಿನದು, ಅಪ್ಪ ಚಿಪ್ಪಿನಿಂದ ಕಂಬಕ್ಕೆ ಬಡಿದದ್ದು, ಒಂದು ಸಲ ಬಡಿದರೆ ಅವ್ವ, ಎರಡು ಸಲ ಬಡಿದರೆ ನಾನು, ಹೊಂಬಾಳತ್ತೆ ಅಪ್ಪನಿಗೆ ಅನ್ನುತ್ತಿದ್ದಾಳೆ, ಅವ್ಳಿಗೇನು ಅವಸರ ಬುಡು ಮಾಯಣ್ಣ, ಮೊಮ್ಮಗಳು ಮದ್ವೆ ಹೊತ್ಗೆ ಈಚೆ ಬತ್ತಾಳೆ, ನಗುತ್ತಿದ್ದಾರೆ, ಬೈಕ್ ಬಂದು ನಿಂತ ಸದ್ದು, ಬಾರ್ಲಾ ಈರೇಶ ಎಲ್ಲಿ ಸತ್ತಿದ್ದೆ ಇಷ್ಟೊತ್ತು, ಬೈಕು ಗಾಳೀಲಿ ಹಾರಲ್ಲ ಕಣವ್ವೋ, ಎಲ್ಲಿ ಅವ್ಳು, ಟೊಕ್ ಟೊಕ್, ಬಾಣ ಅಲ್ಲೇ ಇದೆ, ಎಲ್ಲವನ್ನೂ ತೆಗೆದುಹಾಕು, ಬೆರಳು ಮೌಸಿನ ಮೇಲೆ ಮರದ ತುಂಡಿನ ಹಾಗೆ, ಟಕ್, ಇನ್ನೊಂದಿಷ್ಟು ಹೋಯಿತು, ನಾನು ಇಲ್ಲಿ ಯೋಚಿಸುತ್ತ ಕೂತಷ್ಟು ಹೊತ್ತೂ ಹೋಗುತ್ತಲೇ ಇದೆ, ಟಕ್ — ಬಗ್ಗಿದೆ, ಗೋಡೆಯ ಪ್ಲಗ್ಗನ್ನು ಹಿಡಿದೆಳೆದೆ, ಪರದೆ ಸತ್ತಿತು, ಕೋಣೆ ಎಷ್ಟು ತಣ್ಣಗಾಯಿತು. ಚಿಲಕ ತೆಗೆದೆ. ಬಾಗಿಲಲ್ಲಿ ಬಾವ, ಅವನ ಹಿಂದೆ ಅಪ್ಪ, ಅಪ್ಪನ ಹಿಂದೆ ಹೊಂಬಾಳತ್ತೆ, ತೊಟ್ಟಿಲು, ಅತ್ತಿಗೆ, ಅಣ್ಣ, ಎಷ್ಟೊಂದು ಕಣ್ಣು, ಯಾಕೇ ಹಿಂಗೆ ಬೆವ್ತಿದ್ದೀಯ, ಆಫ್ ಮಾಡಿದ್ದೆ ತಾನೆ — ಮಾಡಿರ್ಲಿಲ್ಲ, ಮೂರು ಸಲ ಆನ್ ಮಾಡ್ದೆ ಬಾವ, ಬೇರೆ ಎಲ್ಲೂ ಇಟ್ಟಿಲ್ಲ, ಮೂರು ಕಡೆ ಅಂದಿದ್ದು ಸುಳ್ಳು, ಅದ್ರಲ್ಲಿ ನನ್ನ ಡೈರಿ ಐತೆ, ಅಪ್ಪನ್ನ ಕುರಿತು ಕೆಟ್ಟದಾಗಿ ಬರ್ದಿದ್ದೀನಿ, ಓದ್ಕೊಂಡ್ರೂ ಓದ್ಕೋ, ಕುರ್ಚಿ ಹತ್ತಿ ಓದು ಬೇಕಾದ್ರೆ, ಅಪ್ಪನ ದನಿ ಮೊದ್ಲು ತೆಗಿ — ಇದು ಯಾರ ದನಿ, ಇಷ್ಟು ಜೋರು, ನನ್ನದೇ, ಅಯ್ಯೋ ಶಿವ್ನೇ ಮೂಗಿ ಬಾಯ್ ಬುಟ್ಲು ಅಂದಳು ಹೊಂಬಾಳತ್ತೆ, ಯಾರೂ ನಗಲಿಲ್ಲ, ಬಾವ ತಲೆ ತಗ್ಗಿಸಿ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದ, ಓದಲ್ಲ ಕಣೇ ಅಂದ ಮೆಲ್ಲಗೆ, ಒಂದ್ಸಲ ಓದಿದ್ದೇ ಸಾಕು.

ಅಪ್ಪನ ಮುಖ ನೋಡಲಾರೆ. ನಾಲ್ಕು ಸ್ಕ್ರೂ, ಎರಡು ವೈರು, ಬಾವನ ಅಂಗೈಯಲ್ಲಿ ಹಾರ್ಡ್ ಡಿಸ್ಕ್, ಇಷ್ಟೇನಾ, ಅರ್ಧ ಕೊಬ್ಬರಿ ಬಟ್ಟಲಿನಷ್ಟು ಇದೆ, ಅದರೊಳಗೆ ಕೆಂಚಿ, ಅವ್ವ, ಮೂಗಿ, ಎರಡು ಹೆಸರು, ನಾನು ಬರೆದ ಆ ಸಾಲು, ಎಲ್ಲ ಒಂದೇ ಚಿಪ್ಪಿನಲ್ಲಿ, ಎಷ್ಟು ಉಳ್ದೈತೋ ಹಾಕಿ ನೋಡ್ಬೇಕು, ಮಾತು ಕೊಡಾಕಾಗಲ್ಲ ಮಾವ ಅನ್ನುತ್ತ ಬಾವ ಲ್ಯಾಪ್‌ಟಾಪಿನ ವೈರಿಗೆ ಬ್ಯಾಗಿನೊಳಗೆ ತಡಕುತ್ತಿದ್ದಾನೆ, ಅಷ್ಟರಲ್ಲಿ ಅಪ್ಪನ ಕೈ ಮುಂದೆ ಬಂತು, ಚರ್ಮ ಒರಟಾದ, ಉಗುರ ಸಂದಿಯಲ್ಲಿ ನಾರಿನ ಕರೆ ಹಿಡಿದ ಕೈ, ಬಾವ ತಬ್ಬಿಬ್ಬಾಗಿ ನನ್ನನ್ನು ನೋಡಿದ, ಕೊಡು ಅಂದೆನೋ, ಬೇಡ ಅಂದೆನೋ, ಅಪ್ಪ ಅದನ್ನು ತೆಗೆದುಕೊಂಡಾಗಿತ್ತು, ಎರಡೂ ಅಂಗೈ ನಡುವೆ, ಕಿವಿಯ ಹತ್ತಿರ ಒಯ್ಯುತ್ತಿದ್ದಾನೆ, ಅಪ್ಪ ಬೇಡ, ಅಪ್ಪ, ಕತ್ತಿನ ಬಿಳಿ ಬಟ್ಟೆ ಒಳಕ್ಕೆ ಹೊರಕ್ಕೆ ಆಡುತ್ತಿದೆ, ಕಣ್ಣು ನನ್ನ ಮೇಲೇ ಇದೆ, ಕಿವಿಗೆ ಹಿಡಿದ, ಅಲ್ಲಾಡಿಸಲಿಲ್ಲ, ಕಿವಿಗೆ ಹಿಡಿದ, ಅಲ್ಲಾಡಿಸಲಿಲ್ಲ, ಕಿವಿಗೆ ಹಿಡಿದ ಹಾಗೇ