ಗಾರ್ಡ್ ಬಿಚ್ಚಿದ್ದು ನಾನು

ಇದನ್ನು ಯಾರ ಕೈಗೂ ತಿದ್ದಲು ಕೊಟ್ಟಿಲ್ಲ. ಹೋದ ಸಲ ಕೊಟ್ಟು ಕೆಟ್ಟಿದ್ದೇನೆ.

ಗೇಟು, ಕಿಟಕಿ ಸರಳು ಮಾಡುವ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಹಿಡಿಯುತ್ತಿದ್ದವನು ನಾನು. ಅಣ್ಣನೂ ಅಲ್ಲೇ ಇದ್ದ. ನನಗೆ ಕೆಲಸ ಕಲಿಸಿದವನೇ ಅವನು. ಎರಡು ವರ್ಷದ ಹಿಂದೆ ಒಂದು ದೊಡ್ಡ ಗೇಟಿನ ಒಳಮೂಲೆ ಉಜ್ಜಬೇಕಿತ್ತು. ತಿರುಗುವ ಡಿಸ್ಕಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ತಗಡಿನ ಗಾರ್ಡ್ ಇರುತ್ತದೆ, ಅದು ಅಡ್ಡ ಬರುತ್ತಿತ್ತು. ಬಿಚ್ಚಿ ಪಕ್ಕಕ್ಕಿಟ್ಟೆ. ಮೂಲೆ ಮುಗಿಸಿ ಟೀ ಕುಡಿಯಲು ಹೋದೆ. ಮತ್ತೆ ಹಾಕಲಿಲ್ಲ. ಮಧ್ಯಾಹ್ನದೊಳಗೆ ಗೇಟು ಹೋಗಬೇಕೆಂದು ಓನರ್ ಕಿರುಚುತ್ತಿದ್ದ. ಅಣ್ಣ ನೋಡದೆ ಅದೇ ಗ್ರೈಂಡರ್ ಎತ್ತಿಕೊಂಡ. ಡಿಸ್ಕ್ ಒಡೆಯಿತು. ಚೂರು ಕನ್ನಡಕವನ್ನೂ ಸೀಳಿಕೊಂಡು ಎಡಗಣ್ಣಿಗೆ ಹೋಯಿತು.

ಆಸ್ಪತ್ರೆಯ ವರಾಂಡದಲ್ಲಿ ಓನರ್ ಕೇಳಿದ, "ಯಾವನೋ ಗಾರ್ಡ್ ಬಿಚ್ಚಿದ್ದು?"

"ಅಣ್ಣನೇ," ಅಂದೆ.

ಓನರ್ ಒಳಗೆ ಹೋಗಿ ಕೇಳಿದಾಗ ಅಣ್ಣನೂ ಅಲ್ಲವೆನ್ನಲಿಲ್ಲ. ತಮ್ಮನ ಕೆಲಸವಾದರೂ ಉಳಿಯಲಿ ಅಂದುಕೊಂಡನೋ ಏನೋ. ಆಮೇಲೆ ಯಾವ ವರ್ಕ್‌ಶಾಪಿನ ಬಾಗಿಲಿಗೆ ಹೋದರೂ ಅವನಿಗೆ ಸಿಕ್ಕಿದ್ದು ಒಂದೇ ಮಾತು: "ಒಂದು ಕಣ್ಣು ಹೋಗಿದ್ರೆ ಪರವಾಗಿಲ್ಲಪ್ಪ, ಗಾರ್ಡ್ ಬಿಚ್ಚಿ ಕೆಲಸ ಮಾಡೋನು ಬೇಡ."

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ನನ್ನ ನೋಟ್‌ಬುಕ್ಕಿನ ತುಂಬ ಕೆಂಪು ಗೀರು ಎಳೆದು, ಇಡೀ ಕ್ಲಾಸಿಗೆ ಎತ್ತಿ ತೋರಿಸಿ, "ಇದೇನು ಬರಹವೋ, ಸೊಳ್ಳೆ ಹೊಡೆದ ಗೋಡೆಯೋ?" ಎಂದಿದ್ದರು ಮೇಷ್ಟ್ರು. ಮಾರನೆ ದಿನದಿಂದ ಹೋಗಲಿಲ್ಲ. ಆದರೂ ಬರೆಯುವ ಚಟ ಬಿಡಲಿಲ್ಲ. ಅಳತೆ ಬರೆದು ಬಿಸಾಡಿದ ಕಾಗದದ ಬೆನ್ನಿಗೆ ಬರೆಯುತ್ತಿದ್ದೆ. ನಮ್ಮ ಬೀದಿಯ ವಾಚನಾಲಯದ ಮೇಡಂ ತಿಂಗಳಿಗೊಂದು ಪತ್ರಿಕೆ ತರುತ್ತಾರೆ. ಕೆಲಸಗಾರರೇ ಬರೆಯಬೇಕು.

"ಬಂದ ಹಾಗೆ ಬರಿಯಪ್ಪ," ಅಂದರು. "ತಪ್ಪಾದ್ರೆ ಆಗ್ಲಿ. ನಿನ್ನದೇ ತಪ್ಪಾಗಿರಲಿ."

ಹನ್ನೊಂದು ಹಾಳೆ ಬರೆದೆ. ಆಸ್ಪತ್ರೆಯ ಸುಳ್ಳನ್ನೂ ಬರೆದೆ. ಕಡೆಗೆ ಒಂದು ಸಾಲು: ಗಾರ್ಡು ಬಿಚ್ಚಿದ್ದು ನಾನು ನಾನೇ ಅಣ್ಣ ಅಲ್ಲ ನಾನು.

ವಾರದ ನಂತರ ಮೇಡಂ ಹಾಳೆ ವಾಪಸ್ ಕೊಟ್ಟರು. "ಸ್ವಲ್ಪ ಗುರುತು ಹಾಕಿದ್ದೀನಿ, ನಿಧಾನವಾಗಿ ನೋಡು. ಒಂದು ಕಡೆ ನಿನ್ನನ್ನೇ ಕೇಳಿದ್ದೀನಿ."

ಮೇಲಿನ ಹಾಳೆಯಲ್ಲಿ ಕೆಂಪು ಶಾಯಿ ಕಂಡಿತು. ಮಡಚಿ ಜೇಬಿಗಿಟ್ಟೆ, ಬಿಚ್ಚಲೇ ಇಲ್ಲ. ಮಾರನೆ ದಿನ ಅವರ ಮೇಜಿನ ಮೇಲಿಟ್ಟು, "ಎಲ್ಲಾ ಸರಿ ಇದೆ ಮೇಡಂ, ನಿಮಗೆ ಹೇಗೆ ಬೇಕೋ ಹಾಗೆ ಹಾಕಿ," ಎಂದು ಬಂದೆ.

ಅಚ್ಚಾಯಿತು. ಬಿಸಿಬಿಸಿ ಪ್ರತಿ ಹಿಡಿದು, ಓದಿಯೂ ನೋಡದೆ ಅಣ್ಣನ ಮನೆಗೆ ಓಡಿದೆ.

"ಎಲ್ಲಾ ಬರ್ದಿದ್ದೀನಣ್ಣ. ಎಲ್ಲಾ."

ಅಣ್ಣ ನನ್ನನ್ನು ಒಂದು ಕ್ಷಣ ನೋಡಿದ. ಎದ್ದು ಹೋಗಿ ಬೇರೆ ಶರ್ಟ್ ಹಾಕಿಕೊಂಡು ಬಂದು ಕೂತ. ಅವನ ಉಳಿದ ಕಣ್ಣಿಗೆ ಸಣ್ಣ ಅಕ್ಷರ ನೀರು ತರಿಸುತ್ತದೆ. ಅತ್ತಿಗೆಯನ್ನು ಕರೆದ. "ಓದೇ. ನನ್ನ ತಮ್ಮ ಅಚ್ಚಾಗಿದ್ದಾನೆ."

"ಏಳನೇ ಕ್ಲಾಸಿನೋನು ಬರೀತಾನೆ, ಹತ್ತು ಪಾಸಾದ ನಾನು ಓದ್ಬೇಕು. ಎಲ್ಲಾ ನನ್ನ ಕರ್ಮ," ಎಂದು ನಗುತ್ತಾ ಅತ್ತಿಗೆ ಶುರುಮಾಡಿದರು.

ಚೆನ್ನಾಗಿತ್ತು. ನುಣ್ಣಗಿತ್ತು. ಯಾರೋ ಬೇರೆಯವನು ಬರೆದ ಹಾಗಿತ್ತು. ಆ ಜಾಗ ಬಂತು. "ಅಂದು ಗ್ರೈಂಡರಿಗೆ ಗಾರ್ಡ್ ಇರಲಿಲ್ಲ. ವಿಧಿ ಅಲ್ಲೇ ಹೊಂಚು ಹಾಕಿತ್ತು." ವಿಧಿಯಂತೆ! ವಿಧಿ ಸ್ಪ್ಯಾನರ್ ಹಿಡಿದು ಬಂದು ಬಿಚ್ಚಿತ್ತೇ? ಆಸ್ಪತ್ರೆಯಲ್ಲಿ ನಾನು ಹೇಳಿದ ಸುಳ್ಳೂ ಇರಲಿಲ್ಲ. ಅತ್ತಿಗೆ ಕಡೆಯ ಸಾಲು ಓದಿ ನಿಲ್ಲಿಸಿದರು.

"ಮುಗೀತಾ?" ಅಣ್ಣ ಕೇಳಿದ.

"ಮುಗೀತು."

"ಹಿಂದೆ ತಿರುಗ್ಸಿ ನೋಡು. ಇನ್ನೊಂಚೂರು ಇರಬಹುದು."

ಅತ್ತಿಗೆ ತಿರುಗಿಸಿದರು. ವಾಚನಾಲಯಕ್ಕೆ ಬಂದ ಹೊಸ ಪುಸ್ತಕಗಳ ಪಟ್ಟಿ ಇತ್ತು.

ಆಗ ನಾನು ಬಾಯಿ ಬಿಡಬಹುದಿತ್ತು. ಗಾರ್ಡ್ ಬಿಚ್ಚಿದ್ದು ನಾನು. ಮೂರೇ ಮಾತು. ಅಣ್ಣ ಪತ್ರಿಕೆ ಮಡಚಿ ನನ್ನ ಕೈಗಿಟ್ಟ. "ಚೆನ್ನಾಗಿ ಬರ್ದಿದ್ದೀಯ ಕಣೋ," ಎಂದು ಒಳಗೆ ಹೋದ.

ಮೇಡಂ ಮೇಲೆ ಕೂಗಾಡಲೆಂದೇ ಹೋದೆ. ಅವರು ಡ್ರಾಯರಿನಿಂದ ನನ್ನ ಹಾಳೆ ತೆಗೆದು ಮುಂದಿಟ್ಟರು. ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಬರೆದಿತ್ತು: "ಇದೂ ಆಸ್ಪತ್ರೆಯ ಮಾತೂ ಅಚ್ಚಾದರೆ ನಿನ್ನ ಕೆಲಸ ಹೋಗಬಹುದು. ಇಡಲಾ, ತೆಗೆಯಲಾ? ನೀನೇ ಹೇಳು."

"ಕೇಳಿದ್ನಲ್ಲಪ್ಪ," ಅಂದರು. "ನೀನು ನನಗೇ ಬಿಟ್ಟೆ. ನಿನ್ನ ಅನ್ನಕ್ಕೆ ಕಲ್ಲು ಹಾಕೋಕೆ ನನಗೆ ಧೈರ್ಯ ಬರಲಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ. ವಾಪಸ್ ನನ್ನ ಮೇಲೇ ಬಂತು.

ಮುಂದಿನ ಭಾನುವಾರ ಹಾಳೆ ಹಿಡಿದು ಅಣ್ಣನ ಮನೆಗೆ ಹೋದರೆ ಬೀಗ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಾ, "ಖಾಲಿ ಮಾಡಿದ್ರಲ್ಲ? ನಿಮ್ಮತ್ತಿಗೆ ತವರಿನ ಕಡೆ ಏನೋ ಕೆಲಸ ಅಂತೆ. ನಿಂಗೆ ಹೇಳ್ಲಿಲ್ವಾ?" ಎಂದಳು.

ಸೋಮವಾರ ವರ್ಕ್‌ಶಾಪಿನ ಗೋಡೆಯ ಮೇಲೆ ನನ್ನ ಕಥೆ ಅಂಟಿತ್ತು. ಓನರೇ ಅಂಟಿಸಿದ್ದ. "ಓದ್ರೋ ಎಲ್ರೂ. ಗಾರ್ಡ್ ಬಿಚ್ಚಿದ್ರೆ ಏನಾಗತ್ತೆ ಅಂತ ಇವನಣ್ಣನ್ನ ನೋಡಿ ಕಲೀರಿ."

ಅದರ ಮೇಲೆಯೇ ನನ್ನ ಹನ್ನೊಂದು ಹಾಳೆ ಅಂಟಿಸಿದೆ. ಎಣ್ಣೆ ಕಲೆ, ಒತ್ತು ತಪ್ಪಿದ ಅಕ್ಷರ, ಕೆಂಪು ಗೀರು, ಎಲ್ಲ ಇದ್ದ ಹಾಗೆ. ಸಣಕಲು ವೆಲ್ಡರ್ ಒಬ್ಬನಿದ್ದಾನೆ, ನಾವೆಲ್ಲ ಕಡ್ಡಿ ಅನ್ನುತ್ತೇವೆ. ಅವನು ಗಟ್ಟಿಯಾಗಿ ಓದತೊಡಗಿದ.

"ಏನ್ ಗುರು, 'ಆಸ್ಪತ್ರೆ'ಗೇ ಆಪರೇಷನ್ ಮಾಡ್ಬಿಟ್ಟಿದ್ದೀಯಲ್ಲೋ!"

ಎಲ್ಲರೂ ನಕ್ಕರು. ನಾನು ಹೋಗದೆ ಅಲ್ಲೇ ನಿಂತೆ. ಕಡ್ಡಿ ಓದುತ್ತಾ ಹೋದ. ಆ ಸಾಲಿಗೆ ಬಂದಾಗ ದನಿ ಇಳಿಯಿತು. ಪೂರ್ತಿ ಓದಿ, ನನ್ನ ಕಡೆ ನೋಡದೆ, ಮುಖಕ್ಕೆ ವೆಲ್ಡಿಂಗ್ ಗುರಾಣಿ ಎಳೆದುಕೊಂಡ.

ಓನರ್ ಹೆಚ್ಚು ಮಾತಾಡಲಿಲ್ಲ. "ನಾಳೆಯಿಂದ ಬರಬೇಡ. ಬರೆಯೋಕೆ ಮೊದಲು ಬಾಯಿ ಇರಲಿಲ್ವಾ ನಿಂಗೆ?" ಎಂದ. ಅವನು ಜೀವಮಾನದಲ್ಲಿ ಆಡಿದ ಒಂದೇ ಸರಿ ಮಾತು.

ಗೋಡೆಯ ಫೋಟೋ ತೆಗೆದು ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅವನು ನೋಡಿದ ಗುರುತು ಬಿತ್ತು. ಮೂರನೆಯ ದಿನ ಒಂದು ಸಾಲು ಬಂತು: "ಗಾರ್ಡ್ ಹಾಕ್ಕೊಂಡು ಕೆಲಸ ಮಾಡು."

ಯಾವ ಕೆಲಸ? ಅದು ಹೋಯಿತೆಂದು ನಾನು ಹೇಳಲಿಲ್ಲ. "ಎಲ್ಲಿದ್ದೀಯಣ್ಣ?" ಎಂದು ಕೇಳಿದೆ.

ಅದನ್ನೂ ನೋಡಿದ್ದಾನೆ.